‘ಲೇ’ ಅಂತ ಶುರುವಾಗುವ ಹೆಸರು

ಆ ಹೆಸರು ನನಗೆ ಸಿಕ್ಕಿದ್ದು ಹೂವಿನಂಗಡಿಯಲ್ಲಿ. ಹೊನೊಲುಲುವಿನ ಚೈನಾಟೌನ್‌ನಲ್ಲಿ ಮೌನಕೇಅ ಬೀದಿ ಅಂತ ಒಂದಿದೆ. ಹಾರ ಮಾಡಿ ಮಾರುವ ಪುಟ್ಟ ಪುಟ್ಟ ಅಂಗಡಿಗಳು ಅಲ್ಲಿ ಅಕ್ಕಪಕ್ಕ ಇವೆ. ಹಾರಕ್ಕೆ ಹವಾಯಿ ಭಾಷೆಯಲ್ಲಿ ‘ಲೇ’ ಅನ್ನುತ್ತಾರೆ. ನನಗಾಗ ಐದು ತಿಂಗಳು. ಇವರ ಡಿಪಾರ್ಟ್‌ಮೆಂಟಿನಲ್ಲಿ ಯಾರದೋ ಬೀಳ್ಕೊಡುಗೆ ಇತ್ತು, ಹಾರ ತರೋಣ ಅಂತ ಹೋಗಿದ್ದೆವು. ಅಂಗಡಿಯ ಅಜ್ಜಿ ಉದ್ದನೆಯ ಸೂಜಿಯಲ್ಲಿ ಹೂ ಪೋಣಿಸುತ್ತಾ ಕೂತಿದ್ದರು. ತಲೆ ಎತ್ತದೆಯೇ ಒಳಗಿನ ಕಡೆಗೆ ಒಂದು ಕೂಗು ಹಾಕಿದರು: “ಲೇಲಾನಿ!” ನಾಲ್ಕೈದು ವರ್ಷದ ಹುಡುಗಿಯೊಬ್ಬಳು ದಾರದ ಉಂಡೆ ಹಿಡಿದು ಓಡಿ ಬಂದಳು.

ಅಷ್ಟೇ. ಅದರಲ್ಲಿ ಏನು ಹಿಡಿಸಿತೋ ಆಗ ಗೊತ್ತಾಗಲಿಲ್ಲ. ಕೊನೆಯ ‘ನಿ’ ಸ್ವಲ್ಪ ಹೊತ್ತು ಅಂಗಡಿಯಲ್ಲೇ ಉಳಿದ ಹಾಗಿತ್ತು.

ನಾನೂ ಒಂದು ಹಾರ ಆರಿಸಿ ಕೊರಳಿಗೆ ಹಾಕಿಕೊಳ್ಳಲು ಹೋದೆ. ಅಜ್ಜಿ ನನ್ನ ಹೊಟ್ಟೆ ನೋಡಿದವರೇ ಕೈ ಅಡ್ಡ ಹಿಡಿದರು. ಕತ್ತರಿ ತೆಗೆದು ಗಂಟಿದ್ದ ಜಾಗದಲ್ಲಿ ಕತ್ತರಿಸಿದರು. ಹೂ ಜಾರದಂತೆ ಎರಡು ತುದಿಗೂ ಬೇರೆ ಬೇರೆ ಗಂಟು ಹಾಕಿ, ಶಾಲಿನ ಹಾಗೆ ಕೊರಳಿಂದ ಇಳಿಬಿಟ್ಟರು. ಬಸುರಿ ಸುತ್ತ ಮುಚ್ಚಿದ ಹಾರ ಹಾಕಿಕೊಂಡರೆ ಒಳಗೆ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆ ಅನ್ನೋದು ಇಲ್ಲಿನವರ ನಂಬಿಕೆ. ನಮ್ಮಮ್ಮನನ್ನು ಈ ಅಜ್ಜಿಯ ಪಕ್ಕ ಕೂರಿಸಿದ್ದರೆ ಇಬ್ಬರಿಗೂ ದಿನವಿಡೀ ಮಾತಿಗೆ ಬರ ಇರುತ್ತಿರಲಿಲ್ಲ.

ಮನೆಗೆ ಬಂದು ಅರ್ಥ ಹುಡುಕಿದೆ. ಲೇ ಅಂದರೆ ಹಾರ. ಲಾನಿ ಅಂದರೆ ಆಕಾಶ, ಅದಕ್ಕೇ ಅರಸು ಅನ್ನೋ ಅರ್ಥವೂ ಇದೆ. ‘ಲೇ’ಗೆ ನಿಘಂಟಿನಲ್ಲಿ ಇನ್ನೊಂದು ಅರ್ಥ ಕಂಡಿತು: ಮುದ್ದಿನ ಮಗು. ಕಾರಣ ಓದಿದವಳೇ ಇವರನ್ನು ಅಡುಗೆಮನೆಯಿಂದ ಕರೆದೆ. ಹಿಂದೆ ಮುದ್ದಿನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಮಗುವಿನ ಎರಡು ಕಾಲು ಕೊರಳಿನ ಎರಡು ಕಡೆ ಇಳಿಬಿದ್ದರೆ ಹಾರ ಹಾಕಿಕೊಂಡ ಹಾಗೆ ಕಾಣುತ್ತದಲ್ಲ, ಅದಕ್ಕೆ ಮಗುವೇ ಲೇ. ಮೇಲುಕೋಟೆ ವೈರಮುಡಿ ಉತ್ಸವದಲ್ಲಿ ನಮ್ಮ ಮಾವ ಇವರನ್ನು ಹಾಗೇ ಹೆಗಲ ಮೇಲೆ ಹೊತ್ತು ನಿಂತಿರುವ ಫೋಟೋ ಮಂಡ್ಯದ ಮನೆಯಲ್ಲಿದೆ. ಇವರು ಸೌಟು ಹಿಡಿದುಕೊಂಡೇ ಪೂರ್ತಿ ಓದಿದರು. “ಇದೇ ಇಡೋಣ ಕಣೇ” ಅಂದರು.

ಇಲ್ಲಿ ಸಂಜೆ ಆರು ಅಂದರೆ ಊರಲ್ಲಿ ಮರುದಿನ ಬೆಳಗ್ಗೆ ಒಂಬತ್ತೂವರೆ. ಮಾವ ತಿಂಡಿ ಮುಗಿಸಿ ಪೇಪರ್ ಹಿಡಿದಿರುವ ಹೊತ್ತು. ಫೋನ್ ಮಾಡಿ ಹೆಸರು ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಲೇ... ಲಾನಿ ಅಂತಲಾ?”

“ಹೂಂ ಮಾವ. ಒಂದೇ ಪದ. ಲೇಲಾನಿ.”

“ಅಲ್ಲ ಕಣಮ್ಮ, ಹೆಣ್ಮಗೂನ ಹುಟ್ಟಿದ ದಿನದಿಂದಲೇ ಲೇ ಅಂತ ಕರೆಯೋದಾ? ಮನೆಗೆ ಬಂದೋರು ಏನಂದ್ಕೋತಾರೆ?”

ನಾನು ಹಾರ, ಆಕಾಶ, ಹೆಗಲು ಎಲ್ಲ ಹೇಳಿದೆ. ಅವರು ಎಲ್ಲಾ ಕೇಳಿಸಿಕೊಂಡು, “ಲೇ ಲಾನಿ, ನೀರು ತಗೊಂಬಾ” ಅಂತ ಒಂದು ಸಲ ಜೋರಾಗಿ ಹೇಳಿ ತೋರಿಸಿದರು. ಅಲ್ಲಿಗೆ ಮುಗೀತು. ಒಂದು ಸಲ ಹಾಗೆ ಕೇಳಿಸಿದ ಮೇಲೆ ಬೇರೆ ಥರ ಕೇಳಿಸೋದೇ ಇಲ್ಲ. ಒಂದು ವಾರ ಮನೆಯಲ್ಲಿ ಓಡಾಡುತ್ತಾ ಆ ಹೆಸರು ಕರೆದು ನೋಡಿದೆ. ಪ್ರತಿ ಸಲವೂ ಯಾರನ್ನೋ ಗದರಿಸಿದ ಹಾಗೇ ಇತ್ತು.

ಹಾಗಾಗಿ ಇದೇ ಹೆಸರಿನ ಅಕ್ಕನೋ ತಂಗಿಯೋ ಸಿಗಬಹುದಾ ಅಂತ ಹುಡುಕಲು ಹೊರಟೆ. ಅಷ್ಟು ಹಿಡಿಸಿದ ಹೆಸರನ್ನು ಪೂರ್ತಿ ಬಿಡಲು ಮನಸ್ಸಿರಲಿಲ್ಲ.

ಮೊದಲು ಎಲ್ಲರೂ ಮಾಡುವ ತಪ್ಪೇ ಮಾಡಿದೆ. ಫೋನ್ ಹಿಡಿದು ಹೆಸರುಗಳ ಪಟ್ಟಿ ತಿರುವುತ್ತಾ ಕೂತೆ. ಅಮೆರಿಕದಲ್ಲಿ ಈ ಹೆಸರಿಗೆ ಈಗ ಒಳ್ಳೇ ಕಾಲ. ಸೋಷಿಯಲ್ ಸೆಕ್ಯುರಿಟಿ ಇಲಾಖೆ ವರ್ಷವರ್ಷವೂ ಹುಟ್ಟಿದ ಮಕ್ಕಳ ಹೆಸರಿನ ಲೆಕ್ಕ ಕೊಡುತ್ತದೆ, ಹುಡುಗಿಯರ ಪಟ್ಟಿಯ ಮೊದಲ ನೂರರಲ್ಲಿ ಈಚೆಗೆ ಲೇಲಾನಿ ಇದೆ. ಈ ಹೆಸರು ದ್ವೀಪ ದಾಟಿದ್ದು ಒಂದು ಹಾಡಿನಿಂದ. 1934ರಲ್ಲಿ ವೈಕೀಕೀಯ ಹೋಟೆಲೊಂದರ ಬ್ಯಾಂಡ್ ನಡೆಸುತ್ತಿದ್ದವರೊಬ್ಬರು ಆಗಷ್ಟೇ ಹುಟ್ಟಿದ ತಮ್ಮ ಮಗಳಿಗಾಗಿ ಅದನ್ನು ಬರೆದರು. 1937ರಲ್ಲಿ ಅದು ಹಾಲಿವುಡ್ ಸಿನಿಮಾಕ್ಕೆ ಹೋಗಿ ಆಸ್ಕರ್ ತಂದಿತು. ಹೀಗೆ ಹೆಸರಾದ ಮೇಲೆ ಅದರ ಜೊತೆಗೆ ನಕಲುಗಳೂ ಹುಟ್ಟಿಕೊಂಡವು. ಪಟ್ಟಿಗಳಲ್ಲಿ ಕೆಹ್ಲಾನಿ, ಕೇಲಾನಿ ಅಂತೆಲ್ಲ ಇರುತ್ತವೆ. ಪ್ರತಿಯೊಂದಕ್ಕೂ ‘ಸ್ವರ್ಗದ ಹೂವು’ ಅಂತಲೋ ಏನೋ ಒಂದು ಅರ್ಥ. ಲೇ ಅಂದರೆ ಹೂವೇ ಅಲ್ಲ! ಕಪ್ಪೆಚಿಪ್ಪಿನದೂ ಲೇ, ಹಕ್ಕಿ ಗರಿಯದೂ ಲೇ, ಬರೀ ಮೈಲೆ ಎಲೆಯದೂ ಲೇ. ನಿಈಹೌ ದ್ವೀಪದ ಚಿಕ್ಕ ಚಿಕ್ಕ ಚಿಪ್ಪಿನ ಲೇಗೆ ಚಿನ್ನದ ಸರದ ಬೆಲೆ ಇದೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂತೇನಲ್ಲ. ಹೇಳಿಕೊಟ್ಟವರು ಪಕ್ಕದ ಮನೆ ಆಂಟಿ. ಇಲ್ಲಿ ಹಿರಿಯರನ್ನು ಪರಿಚಯ ಇರಲಿ ಬಿಡಲಿ ಆಂಟಿ, ಅಂಕಲ್ ಅನ್ನುವುದೇ ರೂಢಿ, ಥೇಟ್ ನಮ್ಮಲ್ಲಿಯ ಹಾಗೆ. ಆಂಟಿಗೆ ಎಪ್ಪತ್ತು ದಾಟಿದೆ. ಅವರು ಹವಾಯಿಯನ್. ಹವಾಯಿಯಲ್ಲಿ ಹುಟ್ಟಿದವರೆಲ್ಲ ಹವಾಯಿಯನ್ ಅಲ್ಲ ಅನ್ನೋದನ್ನು ಬಂದ ಹೊಸದರಲ್ಲೇ ಕಲಿತೆವು. ಮೂಲನಿವಾಸಿಗಳಿಗೆ ಮಾತ್ರ ಆ ಹೆಸರು. ಉಳಿದವರು ಎಷ್ಟು ತಲೆಮಾರಿನಿಂದ ಇದ್ದರೂ ಬರೀ ‘ಲೋಕಲ್’.

ನನ್ನ ಪಟ್ಟಿ ನೋಡಿ ಆಂಟಿ ಕನ್ನಡಕ ಏರಿಸಿಕೊಂಡರು. ‘ಕೆಹ್ಲಾನಿ’ ಮೇಲೆ ಬೆರಳಿಟ್ಟು, “ಇದು ನಮ್ಮ ಬಾಯಿಯಲ್ಲಿ ಹುಟ್ಟೋದೇ ಸಾಧ್ಯವಿಲ್ಲ” ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಪೆನ್ಸಿಲ್ ತೆಗೆದುಕೊಂಡು ಅಕ್ಷರ ಬರೆದು ತೋರಿಸಿದರು. ಹವಾಯಿ ಭಾಷೆಗೆ ಇರೋದೇ 13 ಅಕ್ಷರ. ಐದು ಸ್ವರ: ಅ, ಎ, ಇ, ಒ, ಉ. ವ್ಯಂಜನಗಳು ಹ, ಕ, ಲ, ಮ, ನ, ಪ, ವ. ಇವುಗಳ ಜೊತೆಗೆ ‘ಓಕಿನ’ ಅಂತ ಒಂದು, ಅದರ ಕಥೆ ಆಮೇಲೆ ಹೇಳುತ್ತೇನೆ. ಮುಖ್ಯ ನಿಯಮ ಏನೆಂದರೆ ಒತ್ತಕ್ಷರ ಇಲ್ಲ. ಪ್ರತಿ ವ್ಯಂಜನ ಆದಮೇಲೂ ಒಂದು ಸ್ವರ ಬರಬೇಕು, ಪ್ರತಿ ಪದವೂ ಸ್ವರದಲ್ಲೇ ಮುಗಿಯಬೇಕು. ಹ ಮತ್ತು ಲ ಅಂಟಿಕೊಂಡು ಬಂದರೆ ಅದು ಹವಾಯಿ ಪದ ಅಲ್ಲ.

ಇಲ್ಲಿ ನನಗೆ ನಗು ಬಂತು. ಪದ ಸ್ವರದಲ್ಲಿ ಮುಗಿಯಬೇಕು ಅನ್ನೋದು ನಮ್ಮ ಅಜ್ಜಿಯ ನಿಯಮವೂ ಹೌದಲ್ಲ. ಬಸ್ ಬಸ್ಸಾಯಿತು, ಕಾರ್ ಕಾರಾಗಿ ಕೊನೆಗೆ ಕಾರು ಆಯಿತು, ಪೆನ್ ಪೆನ್ನಾಯಿತು. ನಾವು ಉ ಸೇರಿಸಿ ಸುಮ್ಮನಾಗುತ್ತೇವೆ. ಇವರು ಇನ್ನೂ ಮುಂದೆ ಹೋಗುತ್ತಾರೆ, ಇಲ್ಲದ ಅಕ್ಷರವನ್ನೆಲ್ಲ ಬದಲಿಸುತ್ತಾರೆ. ರ ಇಲ್ಲ, ಲ ಹಾಕು. ಸ ಇಲ್ಲ, ತ ಇಲ್ಲ, ಎರಡಕ್ಕೂ ಕ ಹಾಕು. ಹಾಗಾಗಿಯೇ ಕ್ರಿಸ್ಮಸ್ ಹೋಗಿ ಕಲಿಕಿಮಕ ಆಗಿದೆ. ಮರಿಯಾ ಮಲಿಯಾ ಆಗಿದ್ದಾಳೆ. ಹೊನೊಲುಲುವಿನಲ್ಲೇ 1961ರಲ್ಲಿ ಹುಟ್ಟಿದ ಬರಾಕ್ ಒಬಾಮಾ ತಮ್ಮ ದೊಡ್ಡ ಮಗಳಿಗೆ ಇಟ್ಟ ಹೆಸರು ಇದೇ. ಆ ರಾತ್ರಿ ನಾವಿಬ್ಬರೂ ನಮ್ಮ ಕಡೆಯ ಹೆಸರುಗಳನ್ನೆಲ್ಲ ಹವಾಯಿಗೆ ತಿರುಗಿಸುತ್ತಾ ಕೂತೆವು. ಗೀತಾ ಕೀಕಾ ಆದಳು. ಸರಿತಾ ಏನಾದಳು ಗೊತ್ತಾ? ಕಲಿಕಾ! ಇವರಂತೂ ಸರ್ಕಾರದ ಯಾವುದೋ ಶಾಲಾ ಯೋಜನೆ ಇದ್ದ ಹಾಗಿದೆ ಅಂತ ಹೊಟ್ಟೆ ಹಿಡಿದು ನಕ್ಕರು. ಆಟಕ್ಕೆ ಶುರು ಮಾಡಿದ್ದು ಆಮೇಲೆ ಕೆಲಸಕ್ಕೆ ಬಂತು, ಅದಕ್ಕೇ ಹೇಳುತ್ತಿದ್ದೇನೆ.

ಪಟ್ಟಿ ಎಸೆದು ನಿಘಂಟು ಹಿಡಿದೆ. ಮೇರಿ ಕವೇನ ಪುಕುಯಿ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಮಾಡಿದ ನಿಘಂಟು 1957ರಲ್ಲಿ ಮೊದಲು ಬಂದದ್ದು, ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಹೆಸರನ್ನು ಬಿಡಿಸಿ ಎರಡು ತುಂಡು ಮಾಡಿದೆ. ತೊಂದರೆ ಇದ್ದದ್ದು ‘ಲೇ’ಯಲ್ಲಿ, ‘ಲಾನಿ’ಯಲ್ಲಿ ಅಲ್ಲ. ಹಾಗಾದರೆ ಲಾನಿಯನ್ನು ಇಟ್ಟುಕೊಂಡು ಮುಂದಿನ ತುಂಡು ಬದಲಿಸಿದರೆ ಆಯಿತಲ್ಲ ಅಂತ ನನ್ನ ಲೆಕ್ಕ. ನಿಜ ಹೇಳಬೇಕೆಂದರೆ ಅದು ಲನಿ, ‘ಲ’ದ ಮೇಲೆ ಒತ್ತು ಬೀಳುವುದರಿಂದ ನಮ್ಮ ಕಿವಿಗೆ ಲಾನಿ.

ಮೊದಲು ಸಿಕ್ಕಿದ್ದು ಕೈಲಾನಿ. ಕೈ ಅಂದರೆ ಸಮುದ್ರ. ಸಮುದ್ರ ಮತ್ತು ಆಕಾಶ ಒಂದೇ ಹೆಸರಲ್ಲಿ, ನಮ್ಮ ಬಾಲ್ಕನಿಯಿಂದ ಕಾಣುವುದೂ ಅವೆರಡೇ. ಈ ಸಲ ಉಡುಪಿಗೆ, ನನ್ನ ತವರಿಗೆ ಫೋನ್ ಮಾಡಿದೆ. ಅಮ್ಮ, “ಎಂತ? ಕೈಲಾಗುದಿಲ್ಲ ಅಂತಲಾ?” ಅಂದರು. ಕೈಲಾಗದ ಹುಡುಗಿ! ಅದೂ ಹೋಯಿತು.

ಆಮೇಲೆ ನೋಎಲಾನಿ. ನೋಎ ಅಂದರೆ ಮಂಜು, ತುಂತುರು. ಇವರು ಕೆಲಸ ಮಾಡುವ ಯೂನಿವರ್ಸಿಟಿ ಇರೋದು ಮಾನೋಅ ಕಣಿವೆಯಲ್ಲಿ. ಅಲ್ಲಿ ಬಿಸಿಲಿರುವಾಗಲೇ ಸಣ್ಣ ಮಳೆ ಬೀಳುತ್ತಿರುತ್ತದೆ, ದಿನಕ್ಕೊಂದು ಕಾಮನಬಿಲ್ಲು. ಆ ಕಣಿವೆಯ ಮಳೆಗೇ ಕುಆಹಿನೆ ಅಂತ ಬೇರೆ ಹೆಸರಿದೆ. ಹವಾಯಿಯಲ್ಲಿ ಊರೂರಿನ ಮಳೆಗೆ, ಗಾಳಿಗೆ ಹೆಸರುಂಟು. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರು, ಇವರಲ್ಲಿ ಮಳೆ ಯಾವ ಜಾಗದ್ದು ಅನ್ನೋದರ ಮೇಲೆ ಹೆಸರು. ನೋಎಲಾನಿ ನನಗೆ ನಿಜಕ್ಕೂ ಇಷ್ಟವಾಗಿತ್ತು. ಆದರೆ ನಮ್ಮ ಬಾಯಲ್ಲಿ ಅದು ನೋಯೆಲಾನಿ. ಅತ್ತೆ ಮೆಲ್ಲಗೆ, “ನೋಯೋದು ಬೇಡ ಕಣಮ್ಮ ಮಗೂಗೆ” ಅಂದರು. ಅತ್ತೆ ಮೆಲ್ಲಗೆ ಹೇಳಿದರೆ ಮುಗಿಯಿತು, ಮಾವನ ಜೋರು ಮಾತಿಗಿಂತ ಅದೇ ಕಷ್ಟ.

ಪುಆಲಾನಿಯಲ್ಲಿ ಪುಆ ಹೂವು. ಪುಆನಾನಿ ಅಂದರೆ ಚೆಂದದ ಹೂವು. ಬರೀ ನಾನಿ ಅಂದರೆ ಚೆಲುವೆ. ನಾನಿ ಅಂದರೆ ಹಿಂದಿಯವರಿಗೆ ಅಜ್ಜಿ, ನಮ್ಮ ಮಂಡ್ಯದ ಬೀದಿಗೆ ಕಿರಾಣಿ ಅಂಗಡಿ ನಾಣಿ. ನಾಲಾನಿ ಸ್ವಲ್ಪ ದಿನ ಉಳಿದುಕೊಂಡಿತು, ನಳಿನಿಯ ನೆರಳಿತ್ತು ಅದರಲ್ಲಿ. ಮಹಿನ ಅಂದರೆ ಚಂದ್ರ, ತಿಂಗಳು ಅನ್ನೋ ಅರ್ಥವೂ ಇದೆ. ಹಿಂದಿಯ ಮಹೀನಾಕ್ಕೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ಸುಮ್ನೆ ಕಾಕತಾಳೀಯ. ಆದರೆ ದೆಹಲಿಯಲ್ಲಿರುವ ನಾದಿನಿಗೆ ಅದನ್ನು ನಂಬಿಸೋದು ಯಾರು?

ಇನ್ನು ಓಕಿನದ ಕಥೆ. ಇಲ್ಲಿನ ಕೊನೆಯ ರಾಜಕುಮಾರಿಯ ಹೆಸರು ಕ’ಇಉಲಾನಿ. 1875ರಲ್ಲಿ ಹುಟ್ಟಿ 1899ರಲ್ಲಿ, ಇಪ್ಪತ್ತಮೂರು ವರ್ಷಕ್ಕೇ ತೀರಿಕೊಂಡವಳು. ಅವಳ ಫೋಟೋ ನೋಡಿದ ದಿನದಿಂದ ಆ ಹೆಸರೂ ನನ್ನ ಪುಸ್ತಕದಲ್ಲಿತ್ತು. ಆಂಟಿ ಹೇಳಿಸಲು ನೋಡಿದರು. ನನ್ನ ಬಾಯಿಂದ ಬಂದದ್ದು ‘ಕಾಯಿಯುಲಾನಿ’. “ಯ ಎಲ್ಲಿಂದ ಬಂತು?” ಅಂತ ಕೇಳಿದರು. ಎಲ್ಲಿಂದ ಅಂದರೆ, ಹೈಸ್ಕೂಲಿನ ಆಗಮ ಸಂಧಿಯಿಂದ! ಎರಡು ಸ್ವರ ಎದುರಾದರೆ ಕನ್ನಡದ ನಾಲಿಗೆ ನಡುವೆ ಒಂದು ಯ ಅಥವಾ ವ ತಂದು ಇಡುತ್ತದೆ. ಮನೆಯನ್ನು, ಗುರುವಿಗೆ. ಹವಾಯಿಯ ನಾಲಿಗೆ ಇಂಥ ಕಡೆ ಹಾಗೆ ಸೇತುವೆ ಕಟ್ಟುವುದಿಲ್ಲ, ಗಂಟಲಲ್ಲಿ ಒಂದು ಕ್ಷಣ ತಡೆದು ಮುಂದಿನ ಸ್ವರಕ್ಕೆ ಹಾರುತ್ತದೆ. ಆ ತಡೆಯೇ ಓಕಿನ, ಅದೂ ಒಂದು ವ್ಯಂಜನ. ಬಿಟ್ಟರೆ ಅರ್ಥವೇ ಬೇರೆ. ‘ಪೌ’ ಅಂದರೆ ಮುಗಿಯಿತು, ದಿನಾ ಕೇಳುವ ಮಾತು. ನಡುವೆ ತಡೆದು ‘ಪ’ಉ’ ಅಂದರೆ ಮಸಿ. ಎರಡು ಸ್ವರವನ್ನೂ ಎಳೆದು ‘ಪಾ’ಊ’ ಅಂದರೆ ಹೆಂಗಸರು ಕುದುರೆ ಸವಾರಿಗೆ ಉಡುವ ಲಂಗ. ಎಳೆಯುವುದಕ್ಕೆ ಅಕ್ಷರದ ಮೇಲೆ ಗೆರೆ ಹಾಕುತ್ತಾರೆ. ಆ ಗೆರೆ ಕನ್ನಡದವರಿಗೆ ಸಲೀಸು, ಎ ಏ ಒ ಓ ಎಲ್ಲ ನಮ್ಮಲ್ಲಿವೆ. ಓಕಿನ ಮಾತ್ರ ಇಲ್ಲ. ಅದೂ ಅಲ್ಲದೆ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಈ ಗೆರೆಯೂ ಬರುವುದಿಲ್ಲ, ತಡೆಯೂ ಬರುವುದಿಲ್ಲ. ಮಗಳ ಹೆಸರನ್ನು ನಾನೇ ತಪ್ಪು ಹೇಳೋದು, ಕಾಗದವೂ ತಪ್ಪು ಬರೆಯೋದು ಅಂದರೆ ಹೇಗೆ? ಓಕಿನ ಇರುವ ಹೆಸರನ್ನೆಲ್ಲ ಹೊಡೆದು ಹಾಕಿದೆ. ಇಓಲಾನಿಯೂ ಆಗಲೇ ಹೋಯಿತು. ಇಲ್ಲಿ 1882ರಲ್ಲಿ ಕಟ್ಟಿ ಮುಗಿದ ಅರಮನೆಯ ಹೆಸರು ಅದು, ಅರಸು ಗಿಡುಗ ಅಂತ ಅರ್ಥ.

ಆಂಟಿ ಆ ದಿನ ಇನ್ನೊಂದು ಮಾತು ಹೇಳಿದರು. ಲಾನಿ ಇರುವ ಹೆಸರು ಹಿಂದೆ ಅರಸು ಮನೆತನದವರಿಗೇ ಮೀಸಲಾಗಿತ್ತಂತೆ, ಸಾಮಾನ್ಯರು ಇಡುವಂತಿರಲಿಲ್ಲ. ಈಗ ಯಾರೂ ತಡೆಯುವುದಿಲ್ಲ. ಆದರೆ ನಾನು ಬೀದಿಯ ಗೂಡಂಗಡಿಯಲ್ಲಿ ಬಳೆ ಆರಿಸುವ ಹಾಗೆ ಲಾನಿಗಳನ್ನು ತೆಗೆದು ನೋಡಿ ಇಡುತ್ತಿದ್ದದ್ದು ಅವರಿಗೆ ಸ್ವಲ್ಪ ಕಸಿವಿಸಿ ಮಾಡಿತ್ತು ಅನ್ನಿಸುತ್ತದೆ. ಬೈಯಲಿಲ್ಲ. ಎದ್ದು ಒಳಗೆ ಹೋಗಿ ತಮ್ಮ ಜನನ ಪತ್ರ ತಂದು ತೋರಿಸಿದರು. ಮೊದಲ ಹೆಸರು ಇಂಗ್ಲಿಷಿನದು. ಮನೆಯವರು ಕರೆಯುವ ಹವಾಯಿ ಹೆಸರು ನಡುವೆ ಸಿಕ್ಕಿಕೊಂಡಿತ್ತು.

ಅದು ಅವರ ಅಪ್ಪ ಅಮ್ಮ ಬಯಸಿ ಮಾಡಿದ್ದಲ್ಲ. 1860ರಲ್ಲಿ ನಾಲ್ಕನೇ ಕಮೆಹಮೆಹ ಅರಸನ ಕಾಲದಲ್ಲಿ ಹೆಸರಿನ ಕಾಯ್ದೆ ಬಂತು. ಮಕ್ಕಳಿಗೆ ತಂದೆಯ ಹೆಸರೇ ಮನೆತನದ ಹೆಸರಾಗಬೇಕು, ಮೊದಲ ಹೆಸರು ಕ್ರಿಶ್ಚಿಯನ್ ಹೆಸರಾಗಿರಬೇಕು ಅಂತ. ಅಲ್ಲಿಯವರೆಗೆ ಹವಾಯಿಯವರಿಗೆ ಮನೆತನದ ಹೆಸರು ಅನ್ನೋದೇ ಇರಲಿಲ್ಲ. ಅರಸೊತ್ತಿಗೆ ಹೋಯಿತು, ಅಮೆರಿಕ ಬಂತು, ರಾಜ್ಯವಾಯಿತು. ಈ ಕಾಯ್ದೆ ಮಾತ್ರ 1967ರವರೆಗೂ ಇತ್ತು. ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಪಾಠ ಅಂತ 1896ರಲ್ಲಿ ಇನ್ನೊಂದು ಕಾನೂನು ಬಂದಿತ್ತು. ಆಂಟಿಯ ಅಮ್ಮ ಶಾಲೆಯಲ್ಲಿ ಮನೆಮಾತು ಆಡಿ ಏಟು ತಿಂದವರು. ಮಕ್ಕಳಿಗೆ ಅದನ್ನು ಕಲಿಸಲೇ ಇಲ್ಲ. ಹವಾಯಿ ಭಾಷೆ ಮತ್ತೆ ಅಧಿಕೃತ ಭಾಷೆಯಾದದ್ದು 1978ರಲ್ಲಿ, ಆಂಟಿ ಓದಲು ಬರೆಯಲು ಕಲಿತದ್ದು ಅದರ ನಂತರವೇ. ಪೆನ್ಸಿಲ್ ಹಿಡಿದು ನನಗೆ ಬರೆದು ತೋರಿಸಿದ ಆ 13 ಅಕ್ಷರ ಅವರು ತಾವೇ ದೊಡ್ಡವರಾದ ಮೇಲೆ ಕಲಿತದ್ದು.

“ಹೆಸರನ್ನು ಹುಡುಕೋದಲ್ಲ, ಅದು ಬರುತ್ತದೆ” ಅಂದರು. ಕನಸಿನಲ್ಲಿ ಬರುವುದಕ್ಕೆ ‘ಇನೋಅ ಪೋ’ ಅನ್ನುತ್ತಾರೆ, ರಾತ್ರಿಯ ಹೆಸರು. ಯಾವುದಾದರೂ ಶಕುನ ಕಂಡು ಇಡುವುದಿದೆ, ಗಾಳಿಯಲ್ಲಿ ದನಿ ಕೇಳಿ ಇಡುವುದಿದೆ. ಕನಸಿನಲ್ಲಿ ಬಂದ ಹೆಸರು ಇಡದಿದ್ದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ ಅಂತ ನಂಬಿಕೆ. ಹುಟ್ಟಿದ ಹೊತ್ತಿನಲ್ಲಿ ಏನು ನಡೆಯುತ್ತಿತ್ತೋ ಅದೂ ಹೆಸರಾಗಬಹುದು. ಕೊನೆಯ ರಾಣಿ ಲಿಲಿಉಓಕಲಾನಿ 1838ರಲ್ಲಿ ಹುಟ್ಟಿದಾಗ ಅರಮನೆಯ ಹಿರಿಯ ಹೆಂಗಸೊಬ್ಬರಿಗೆ ಕಣ್ಣುಬೇನೆ ಬಂದಿತ್ತು. ಹಾಗಾಗಿ ಮಗುವಿಗೆ ಬಂದ ಹೆಸರುಗಳ ಅರ್ಥ ಹೀಗಿದೆ: ಉರಿ, ಕಣ್ಣೀರು, ಚುರುಚುರು ನೋವು, ಹುಣ್ಣಾದ ಕಣ್ಣು! ನಾನು ನೋಎಲಾನಿಯನ್ನು ‘ನೋಯುತ್ತದೆ’ ಅಂತ ಬಿಟ್ಟೆ ಅಂದಾಗ ಆಂಟಿ ಈ ಕಥೆ ಹೇಳಿ ನಕ್ಕಿದ್ದರು.

ಅಂದೇ ಕೇಳಿಬಿಟ್ಟೆ. “ಹಾಗಾದರೆ ನೀವೇ ಒಂದು ಹೆಸರು ಕೊಡಿ ಆಂಟಿ.” ಅವರು ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. “ನೋಡೋಣ, ನಿದ್ದೆ ಮಾಡ್ತೀನಿ” ಅಂದರು.

ಆ ನಡುವೆ ನಾನು ಸುಮ್ಮನೆ ಕೂರಲಿಲ್ಲ. ದನಿ ಹಿಡಿದು ಹೊರಟರೆ ‘ಲೇ’ ಅಡ್ಡ ಬರುತ್ತದೆ, ತುಂಡು ಮಾಡಿದರೆ ಕೈಲಾಗುವುದಿಲ್ಲ. ಹಾಗಾದರೆ ನನಗೆ ಆ ಹೆಸರಲ್ಲಿ ಹಿಡಿಸಿದ್ದೇನು ಅಂತ ಕೂತು ಯೋಚಿಸಿದೆ. ಆಕಾಶ ಅಲ್ಲ, ಅರಸು ಅಲ್ಲವೇ ಅಲ್ಲ. ಹೆಗಲ ಮೇಲಿಂದ ಇಳಿಬಿದ್ದ ಎರಡು ಕಾಲು, ಕೊರಳಿಗೆ ಹಾರವಾದ ಮಗು. ಮತ್ತೆ ಕೊನೆಗೆ ಗಾಳಿಯಲ್ಲಿ ನಿಂತ ಆ ‘ನಿ’. ಇವೆರಡು ಉಳಿದರೆ ಸಾಕು. ಇದನ್ನು ಮೊದಲ ದಿನವೇ ಕೇಳಿಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಹಾರ ಅಂದರೆ ನನಗೆ ಮೊದಲು ನೆನಪಾಗುವುದು ಮಲ್ಲಿಗೆ. ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ಅದೇ ಜಾತಿಯ ಮಲ್ಲಿಗೆ ಇಲ್ಲೂ ಇದೆ. ಹೆಸರು ‘ಪೀಕಾಕೆ’. ಅಂದರೆ ನವಿಲು, ಇಂಗ್ಲಿಷಿನ ಪೀಕಾಕ್! ರಾಜಕುಮಾರಿ ಕ’ಇಉಲಾನಿಗೆ ನವಿಲೂ ಪ್ರೀತಿ, ಮಲ್ಲಿಗೆಯೂ ಪ್ರೀತಿ. ಹೀಗಾಗಿ ಜನ ಹಕ್ಕಿಯ ಹೆಸರನ್ನೇ ಹೂವಿಗೂ ಕೊಟ್ಟರು. ನಾವು ಮೊಗ್ಗನ್ನು ಕಟ್ಟುತ್ತೇವೆ, ಇವರು ಸೂಜಿಯಲ್ಲಿ ಪೋಣಿಸುತ್ತಾರೆ, ಅಷ್ಟೇ ವ್ಯತ್ಯಾಸ. ಪೀಕಾಕೆ ಅಂತ ಮಗುವಿಗೆ ಇಡುವವರೂ ಇದ್ದಾರೆ. ಅಮ್ಮನಿಗೆ ಹೇಳಿದೆ. “ಮಾರಾಯ್ತಿ, ಪೀಕಲಾಟ ಅಂದ ಹಾಗೆ ಉಂಟು” ಅಂದರು. ಆಮೇಲೆ ಅವರೇ, “ಹಾರ ಬೇಕಾದ್ರೆ ಮಾಲೆ ಇಲ್ವಾ? ಮಾಲಾ, ಮಾಲತಿ, ಮಾಲಿನಿ” ಅಂತ ಒಂದೇ ಉಸಿರಿಗೆ ಹೇಳಿ ಸಾರಿಗೆ ಒಗ್ಗರಣೆ ಹಾಕಲು ಹೋದರು.

ಮಾಲಿನಿ. ಮಾಲೆ ತೊಟ್ಟವಳು. ಕೊನೆಗೆ ‘ನಿ’.

ನಾನು ಪೆನ್ಸಿಲ್ ಹಿಡಿದು ಆಂಟಿಯ ಅಕ್ಷರದ ಹಾಳೆ ತೆಗೆದೆ. ಮ ಇದೆ. ಲ ಇದೆ. ನ ಇದೆ. ಅ, ಇ ಎರಡೂ ಇವೆ. ಒತ್ತಕ್ಷರ ಇಲ್ಲ, ಸ್ವರದಲ್ಲಿ ಮುಗಿಯುತ್ತದೆ, ಓಕಿನ ಬೇಕಿಲ್ಲ. ಸರಿತಾಳ ಹಾಗೆ ಕಲಿಕಾ ಆಗುವ ಭಯವಿಲ್ಲ, ಹವಾಯಿಯ ಬಾಯಲ್ಲೂ ಮಾಲಿನಿ ಮಾಲಿನಿಯೇ. ನಮ್ಮ ದೇಶದ ಹೆಸರು ನೋಡಿ ಇಲ್ಲಿಯ ಕೌಂಟರುಗಳಲ್ಲಿ ಪಡುವ ಪಾಡು ನನಗೆ ಗೊತ್ತು, ಇದು ಅಂಥ ಹೆಸರಲ್ಲ.

ಆದರೂ ಕೂಗಿ ನೋಡದೆ ಬಿಡಬಾರದು ಅನ್ನೋದನ್ನು ಮಾವನಿಂದ ಕಲಿತಿದ್ದೆ. ಬಾಲ್ಕನಿಗೆ ಹೋಗಿ ಕೂಗಿದೆ. ಪಕ್ಕದ ಬಾಲ್ಕನಿಯಿಂದ ಆಂಟಿ ಇಣುಕಿ, “ಯಾರು ಮಲಿಹಿನಿ?” ಅಂತ ಕೇಳಿದರು. ಮಲಿಹಿನಿ ಅಂದರೆ ಹೊರಗಿಂದ ಬಂದವರು, ಹೊಸಬರು. ಅರ್ಥ ಹೇಳಿದಾಗ ಅವರಿಗೂ ನಗು. “ಸರಿಯಾಗೇ ಇದೆ, ಅವಳೂ ಹೊಸಬಳೇ ತಾನೇ” ಅಂದರು. ಮಂಡ್ಯದ ಕಡೆಯಿಂದ ಮಾವ ಎಂದಿನಂತೆ ತಡ ಮಾಡಲಿಲ್ಲ. “ಮಾಲಿನ್ಯ ನಿಯಂತ್ರಣ ಮಂಡಳಿ ಅಂತಾರೆ ಸ್ಕೂಲಲ್ಲಿ” ಅಂದರು. ಅತ್ತೆ ಹಿಂದಿನಿಂದ, “ನಿಮ್ಮ ಬಾಯಿಗೆ ಯಾವ ಹೆಸರು ಉಳಿಯುತ್ತೆ?” ಅಂದಿದ್ದು ಫೋನಿನಲ್ಲಿ ಕೇಳಿಸಿತು. ಆಗ ನನಗೂ ಅನ್ನಿಸಿತು, ಹುಡುಕುತ್ತಾ ಹೋದರೆ ಎಲ್ಲ ಹೆಸರಿಗೂ ಒಂದು ಕೊಂಕು ಸಿಗುತ್ತದೆ. ‘ಲೇ’ಯನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಳ್ಳಬೇಕು. ಮಾಲಿನ್ಯ ವರ್ಷಕ್ಕೆ ಎರಡು ಸಲ ಬಂದರೆ ಜಾಸ್ತಿ.

ಹೆರಿಗೆ ಆಯಿತು. ಊರಲ್ಲಾದರೆ ನಾಮಕರಣಕ್ಕೆ ಹನ್ನೊಂದು ದಿನ ಸಮಯ ಇರುತ್ತದೆ, ಇಲ್ಲಿ ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಜನನ ಪತ್ರದ ಫಾರಂ ತಂದು ಕೈಗಿಟ್ಟರು. ಅಷ್ಟರಲ್ಲಿ ಅತ್ತೆ ಜೋಯಿಸರಲ್ಲಿ ಕೇಳಿ ಫೋನ್ ಮಾಡಿದರು. ದನಿಯಲ್ಲಿ ಏನೋ ಸೋತ ಹಾಗಿತ್ತು. ಹಸ್ತ ನಕ್ಷತ್ರ, ನಾಲ್ಕನೇ ಪಾದ. ಅಕ್ಷರ ‘ಠ’.

“ಠ ಇಂದ ಏನಂತ ಇಡೋದಮ್ಮಾ?”

ಇವರು ನನ್ನ ಕೈಯಿಂದ ಫೋನ್ ಕಸಿದುಕೊಂಡು, “ಠಾಣೆ ಅಂತ ಇಡು” ಅಂದರು. ಅತ್ತೆಯೇ ಜಾತಕಕ್ಕೆ ಬೇರೆ ಏನಾದರೂ ಬರೆಸೋಣ, ಕರೆಯೋಕೆ ನಿಮಗೆ ಬೇಕಾದ್ದು ಇಟ್ಟುಕೊಳ್ಳಿ ಅಂತ ತೀರ್ಮಾನ ಹೇಳಿದರು. ಫಾರಮ್ಮಿನಲ್ಲಿ ಮಾಲಿನಿ ಅಂತ ತುಂಬಿದೆ. ನಡುವಿನ ಹೆಸರಿನ ಜಾಗವನ್ನು ಆಂಟಿಗೋಸ್ಕರ ಖಾಲಿ ಇಟ್ಟುಕೊಂಡು, ಅವರು ಬರುವುದನ್ನೇ ಕಾದೆ.

ಸಂಜೆ ಬಂದರು. ಕೈಯಲ್ಲಿ ಪೀಕಾಕೆ ಹಾರ, ಈ ಸಲ ಗಂಟು ಹಾಕಿದ್ದು. ಅದನ್ನು ನನ್ನ ಕೊರಳಿಗೆ ಹಾಕಿ ಮಗುವನ್ನು ಎತ್ತಿಕೊಂಡು ತುಂಬಾ ಹೊತ್ತು ನೋಡಿದರು. “ಕನಸು ಬೀಳಲಿಲ್ಲ. ಬಿತ್ತು ಅಂತ ಸುಳ್ಳು ಹೇಳೋಕಾಗಲ್ಲ” ಅಂದರು. ನನಗೆ ಒಂದು ಕ್ಷಣ ಪಿಚ್ಚೆನ್ನಿಸಿತು. ಆದರೆ ಪಟ್ಟಿಯಿಂದ ಆರಿಸಿ ಸಮಾಧಾನಕ್ಕೆ ಒಂದು ಹೆಸರು ಕೊಟ್ಟಿದ್ದರೆ ನಾನು ಅವರನ್ನು ಇಷ್ಟು ನಂಬುತ್ತಿದ್ದೆನೋ ಇಲ್ಲವೋ. ನಡುವಿನ ಜಾಗಕ್ಕೆ ಗೆರೆ ಎಳೆದು ಫಾರಂ ಕೊಟ್ಟುಬಿಟ್ಟೆ.

ಈಗ ಮಾಲಿನಿಗೆ ಎಂಟು ತಿಂಗಳು. ಇವರು ಹೆಗಲ ಮೇಲೆ ಕೂರಿಸಿಕೊಂಡು ಮಾನೋಅ ಕಡೆ ವಾಕಿಂಗ್ ಹೋಗುತ್ತಾರೆ, ಅವಳು ಇವರ ಕೂದಲು ಹಿಡಿದು ಕೂತಿರುತ್ತಾಳೆ. ಆಂಟಿ ಅವಳನ್ನು ಒಂದು ದಿನವೂ ಮಾಲಿನಿ ಅಂತ ಕರೆದವರಲ್ಲ. ಮುದ್ದಿನ ಮಗುವಿಗೆ ಅವರ ಭಾಷೆಯಲ್ಲಿ ಇರುವ ಪದವೇ ಅವರಿಗೆ ಸಾಕು. ಹೋದ ವಾರ ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡಿದ್ದಾಗ ಅವರು ನಮ್ಮ ಮನೆಯಲ್ಲೇ ಇದ್ದರು. ಮಗು ಟೀಪಾಯಿ ಹಿಡಿದು ನಿಲ್ಲಲು ಹೋಗಿ ವಾಲಿತು. ಆಂಟಿ ಅಡುಗೆಮನೆಯ ಬಾಗಿಲಿನಿಂದ ಓಡಿ ಬರುತ್ತಾ, “ಲೇ! ಲೇ! ಲೇ!” ಅಂತ ಕೂಗಿದರು.

ಮಾವ ಪೇಪರ್ ಕೆಳಗಿಟ್ಟು ಫೋನಿನ ಹತ್ತಿರ ಮುಖ ತಂದರು. “ಆಯಮ್ಮ ಯಾಕೆ ಮಗೂನ ಬೈತಾವ್ರೆ?”